ಗಾಡಿ ಯಾಕೆ ಯೋಚನೆ ಮಾಡುತ್ತೆ?

ನಮ್ಮ ಗ್ಯಾರೇಜುಗಳ ಕನ್ನಡದಲ್ಲಿ ಎಂಜಿನ್ನಿನ ಕಾಯಿಲೆಗಳಿಗೆ ದೊಡ್ಡದೊಂದು ಪದಕೋಶವೇ ಇದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ‘ಮಿಸ್ಸಿಂಗ್’. ಗಾಡಿ ತಡೆದು ತಡೆದು ಎಳೆದರೆ ‘ಜರ್ಕ್’. ಏರಿನಲ್ಲಿ ಟಕಟಕ ಬಡಿದರೆ ‘ನಾಕಿಂಗ್’. ಇವೆಲ್ಲಕ್ಕಿಂತ ಬೇರೆಯಾದ, ಹಿಡಿಯಲು ಕಷ್ಟವಾದ ಇನ್ನೊಂದು ಕಾಯಿಲೆ ಇದೆ. ಎಂಜಿನ್ ನಿಂತಲ್ಲಿ ನಯವಾಗಿ ಓಡುತ್ತದೆ, ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ತಕರಾರಿಲ್ಲ. ಆಕ್ಸಿಲರೇಟರನ್ನು ತಟ್ಟನೆ ತುಳಿದಾಗ ಮಾತ್ರ, ಕಾಲು ಕೊಟ್ಟ ಅಪ್ಪಣೆಗೂ ಎಂಜಿನ್ ಕೊಡುವ ಉತ್ತರಕ್ಕೂ ನಡುವೆ ಅರ್ಧ ಸೆಕೆಂಡಿನ ಬಿಡುವು. ಆ ಅರ್ಧ ಸೆಕೆಂಡಿನಲ್ಲಿ ಗಾಡಿ ಮುಂದಕ್ಕೂ ಹೋಗದು, ನಿಂತೂ ಬಿಡದು. ಇದಕ್ಕೆ ಬೆಂಗಳೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಾಯಲ್ಲಿ ನಾನು ಕೇಳಿದ ಮಾತು: ‘ಎಕ್ಸಲೇಟ್ರು ಕೊಟ್ರೆ ಗಾಡಿ ಯೋಚನೆ ಮಾಡುತ್ತೆ.’

ಈ ‘ಯೋಚನೆ’ಗೆ ಕಾರಣ ಹುಡುಕುವ ಕೆಲಸಕ್ಕೆ ನೂರಮೂವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಮೋಟಾರು ವಾಹನಗಳ ಚರಿತ್ರೆ ಎಂದೊಡನೆ ನಾವು ಓದುವುದು ಕಾರ್ಖಾನೆಗಳ ಚರಿತ್ರೆ: ಯಾರು ಕಂಡುಹಿಡಿದರು, ಯಾರು ಬಂಡವಾಳ ಹೂಡಿದರು, ವರ್ಷಕ್ಕೆ ಎಷ್ಟು ತಯಾರಾದವು. ಕಾರ್ಖಾನೆಯ ಗೇಟು ದಾಟಿದ ಮೇಲೆ ಒಂದು ಕಾರು ನಲವತ್ತು ಐವತ್ತು ವರ್ಷ ಬದುಕುತ್ತದೆ. ಆ ಬದುಕಿನುದ್ದಕ್ಕೂ ಅದನ್ನು ನೋಡಿಕೊಂಡವರ ಚರಿತ್ರೆ ಬಹುಮಟ್ಟಿಗೆ ಬರೆಯದೇ ಉಳಿದಿದೆ. ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರಗಳಿಂದಲ್ಲ, ಬಳಕೆಯಿಂದ ಮತ್ತು ದುರಸ್ತಿಯಿಂದ ಬರೆಯಬೇಕು ಎಂದು ಡೇವಿಡ್ ಎಡ್ಜರ್ಟನ್ ಥರದ ಚರಿತ್ರಕಾರರು ಎರಡು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ನನ್ನ ಸಂಶೋಧನೆಯ ವಿಷಯವೂ ದುರಸ್ತಿಯೇ ಆದ್ದರಿಂದ ಈ ಅರ್ಧ ಸೆಕೆಂಡು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

*

ಮೊದಲು ಕಾಯಿಲೆ ಏನೆಂದು ನೋಡೋಣ. ಪೆಟ್ರೋಲ್ ಎಂಜಿನ್ ಉರಿಸುವುದು ಬರೀ ಪೆಟ್ರೋಲನ್ನಲ್ಲ, ಗಾಳಿಯೊಂದಿಗೆ ಬೆರೆತ ಪೆಟ್ರೋಲನ್ನು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ಹಿಡಿಯುವ ಪಾತ್ರೆಯೇ ಕಾರ್ಬುರೇಟರ್. ಅದರ ಕಂಠದಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಇಳಿದಷ್ಟು ಪೆಟ್ರೋಲ್ ‘ಜೆಟ್’ ಎಂಬ ಸಣ್ಣ ತೂತಿನಿಂದ ಮೇಲೆದ್ದು ತುಂತುರಾಗುತ್ತದೆ.

ನಿಧಾನವಾಗಿ ತುಳಿದರೆ ಎಲ್ಲವೂ ಸರಿ. ತಟ್ಟನೆ ತುಳಿದಾಗ ತೊಂದರೆ. ಬಾಗಿಲು ತೆರೆದ ಕೂಡಲೇ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಗಾಳಿಗಿಂತ ಸುಮಾರು ಆರುನೂರು ಪಟ್ಟು ಭಾರ, ಅದು ಅಷ್ಟು ಬೇಗ ಏಳುವುದಿಲ್ಲ. ಎದ್ದ ಪೆಟ್ರೋಲಿನಲ್ಲೂ ಒಂದು ಪಾಲು ಮ್ಯಾನಿಫೋಲ್ಡಿನ ಗೋಡೆಗೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ಒಂದು ಕ್ಷಣ ಬರೀ ಗಾಳಿಯೇ ಹೆಚ್ಚಾಗಿ ಹೋಗುತ್ತದೆ. ಮಿಶ್ರಣ ತೆಳ್ಳಗಾಗಿ, ಉರಿ ಹಿಡಿಯದೆ, ಎಂಜಿನ್ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಅಂದರೆ ಈ ತಡವರಿಕೆ ಕಾರ್ಬುರೇಟರಿನ ಹುಟ್ಟುಗುಣ. ಸರಿಯಾಗಿರುವ ಕಾರು ತಡವರಿಸುವುದಿಲ್ಲ ಎಂದರೆ, ಯಾರೋ ಆ ಹುಟ್ಟುಗುಣಕ್ಕೆ ಒಂದು ಉಪಾಯ ಮಾಡಿಟ್ಟಿದ್ದಾರೆ ಎಂದರ್ಥ. ತಡವರಿಸಿದರೆ, ಆ ಉಪಾಯ ಎಲ್ಲೋ ಸೋತಿದೆ.

ಉಪಾಯಗಳ ಚರಿತ್ರೆಯೇ ಸ್ವಾರಸ್ಯವಾಗಿದೆ. ಕಾರ್ಲ್ ಬೆಂಜ್‌ನ ಮೊದಲ ಕಾರಿನಲ್ಲಿ ತುಂತುರೇ ಇರಲಿಲ್ಲ. ಪಾತ್ರೆಯಲ್ಲಿದ್ದ ಇಂಧನದ ಮೇಲೆ ಗಾಳಿ ಹಾಯ್ದು ಆವಿಯನ್ನು ಹೊತ್ತೊಯ್ಯುತ್ತಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ, ಸುಮಾರು ನೂರು ಕಿಲೋಮೀಟರ್, ಆ ಕಾರು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿಯ ಮೇಲ್ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಈ ಪಯಣವನ್ನು ಮೊದಲ ದೂರಪ್ರಯಾಣ ಎಂದು ಎಲ್ಲರೂ ನೆನೆಯುತ್ತಾರೆ. ನನಗೆ ಅದು ಮೊದಲ ರಸ್ತೆಬದಿಯ ರೋಗಪತ್ತೆಯಾಗಿಯೂ ಕಾಣುತ್ತದೆ. ನಿಂತ ಎಂಜಿನ್ನಿಗೆ ಇಂಧನ ಬರುತ್ತಿಲ್ಲವೋ ಕಿಡಿ ಬರುತ್ತಿಲ್ಲವೋ ಎಂಬ ಎರಡು ಪ್ರಶ್ನೆಗಳನ್ನು ಬೆರ್ಥಾ ಬೇರೆ ಬೇರೆಯಾಗಿ ಕೇಳಿಕೊಂಡು ಉತ್ತರ ಹುಡುಕಿದ್ದಳು. ಇವತ್ತಿಗೂ ಗ್ಯಾರೇಜಿನ ಮೊದಲ ಪ್ರಶ್ನೆ ಅದೇ: ಪೆಟ್ರೋಲೋ, ಕರೆಂಟೋ?

1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೋಂಕಾ, ಅದೇ ವರ್ಷ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್, ಜೆಟ್ಟಿನಿಂದ ಇಂಧನ ಚಿಮ್ಮಿಸುವ ಕಾರ್ಬುರೇಟರುಗಳನ್ನು ಮಾಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಚಪ್ಪಲಿ ವ್ಯಾಪಾರಿ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್, ಎಂಜಿನ್ ಎಳೆಯುವ ಗಾಳಿಗೆ ತಕ್ಕಂತೆ ತಾನೇ ಕಂಠ ಹಿಗ್ಗಿಸಿಕೊಳ್ಳುವ ಕಾರ್ಬುರೇಟರ್ ರೂಪಿಸಿದ. ಮೊದಲಿಗೆ ಅದರೊಳಗೆ ಏರಿಳಿಯುತ್ತಿದ್ದುದು ಚರ್ಮದ ತಿದಿ. ಮನೆತನದ ಕಸುಬು ಕಾರಿನೊಳಗೂ ಬಂದಿತ್ತು. ‘ಸ್ಕಿನ್ನರ್ ಯೂನಿಯನ್’ ಎಂಬ ಅವನ ಕಂಪನಿಯ ಎರಡು ಅಕ್ಷರಗಳೇ ಎಸ್.ಯು. ಮುಂದೆ ಈ ಕಂಪನಿ ಮಾರಿಸ್ ಸಮೂಹದ ಪಾಲಾಯಿತು. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದಲೇ ನಮ್ಮ ಅಂಬಾಸಿಡರ್ ಹುಟ್ಟಿದ್ದರಿಂದ ಎಸ್.ಯು. ಕಾರ್ಬುರೇಟರ್ ಭಾರತದ ರಸ್ತೆಗಳಿಗೂ ಬಂತು.

ತಡವರಿಕೆಗೆ ಎಸ್.ಯು.ನ ಉಪಾಯ ಸರಳ. ಏರುವ ಪಿಸ್ಟನ್ನಿನ ಮೇಲೊಂದು ಎಣ್ಣೆಯ ಬಟ್ಟಲು. ತಟ್ಟನೆ ತುಳಿದಾಗ ಎಣ್ಣೆ ಪಿಸ್ಟನ್ನನ್ನು ಬೇಗ ಏರಲು ಬಿಡುವುದಿಲ್ಲ. ಕಂಠ ಕಿರಿದಾಗಿಯೇ ಇರುವುದರಿಂದ ಗಾಳಿಯ ಎಳೆತ ಜೋರಾಗಿ, ಹೆಚ್ಚು ಪೆಟ್ರೋಲ್ ಏಳುತ್ತದೆ. ಬಟ್ಟಲಿನ ಎಣ್ಣೆ ಒಣಗಿದರೆ ಗಾಡಿ ತಡವರಿಸುತ್ತದೆ. ಫ್ರಾನ್ಸಿನಿಂದ ಬಂದ ಸೊಲೆಕ್ಸ್‌ನಂಥ ಕಾರ್ಬುರೇಟರುಗಳ ಉಪಾಯ ಬೇರೆ: ಪೆಡಲಿಗೆ ಜೋಡಿಸಿದ ಪುಟ್ಟ ಪಂಪು. ತುಳಿದ ಕೂಡಲೇ ಒಂದು ಚಿಮುಕು ಪೆಟ್ರೋಲನ್ನು ನೇರವಾಗಿ ಕಂಠಕ್ಕೆ ಹೊಡೆಯುತ್ತದೆ. ಅದರ ರಬ್ಬರ್ ಪೊರೆ ಬಿರುಸಾದರೆ ಚಿಮುಕು ಸೊರಗುತ್ತದೆ.

*

ಇನ್ನು ಕಿಡಿಯ ಕಡೆ. ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರನ್ನು ಹಿರಿಯ ಮೆಕ್ಯಾನಿಕ್‌ಗಳು ಕೆಲವರು ‘ಡೆಲ್ಕೋ’ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ‘ಅದರ ಹೆಸರೇ ಅದು’ ಎಂಬ ಉತ್ತರ. ಡೆಲ್ಕೋ ಎಂದರೆ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಕಟ್ಟಿದ ಕಂಪನಿಯ ಹೆಸರಿನ ಮೊದಲಕ್ಷರಗಳು. ಬ್ಯಾಟರಿ, ಕಾಯಿಲ್, ಪಾಯಿಂಟು, ಕಂಡೆನ್ಸರ್ ಜೋಡಿಸಿ ಹನ್ನೆರಡೋ ಆರೋ ವೋಲ್ಟಿನಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟಿಸುವ ಕೆಟರಿಂಗ್‌ನ ವಿಧಾನ 1910ರ ಕ್ಯಾಡಿಲಾಕ್‌ನಲ್ಲಿ ಬಂತು, ನಂತರ ಜಗತ್ತನ್ನೇ ವ್ಯಾಪಿಸಿತು. 1912ರ ಕ್ಯಾಡಿಲಾಕ್‌ನಲ್ಲಿ ಬಂದ ಅವನದೇ ವಿದ್ಯುತ್ ‘ಸೆಲ್ಫ್ ಸ್ಟಾರ್ಟರ್’ ನಮ್ಮ ಬಾಯಲ್ಲಿ ಬರೀ ‘ಸೆಲ್ಫ್’ ಆಗಿ ಉಳಿದಿದೆ. ಮೆಕ್ಯಾನಿಕ್‌ಗಳ ಬಾಯಿಮಾತು ಇಂಥ ಕಡೆ ಒಂದು ಪತ್ರಾಗಾರವಾಗುತ್ತದೆ. ಡೇಟನ್ ಎಂಬ ಊರಿನ ಹೆಸರನ್ನು ಒಮ್ಮೆಯೂ ಕೇಳದವರ ನಾಲಗೆಯ ಮೇಲೆ ಆ ಊರು ಕುಳಿತಿದೆ.

ಕಿಡಿಗೂ ತಡವರಿಕೆಗೂ ಏನು ಸಂಬಂಧ? ಮಿಶ್ರಣ ಉರಿಯಲು ಒಂದಿಷ್ಟು ಸಮಯ ಬೇಕು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅದು ತಿರುಗುವುದು 6 ಡಿಗ್ರಿ. 4000 ಸುತ್ತಿನಲ್ಲಿ 24 ಡಿಗ್ರಿ. ಹಾಗಾಗಿ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುವ ತೂಕದ ಬಿಲ್ಲೆಗಳು, ಹೊರಗೆ ಕಾರ್ಬುರೇಟರಿನಿಂದ ಬಂದ ಸಣ್ಣ ಕೊಳವೆಗೆ ಜೋಡಿಸಿದ ವ್ಯಾಕ್ಯೂಮ್ ಡಬ್ಬಿ ಈ ಕೆಲಸ ಮಾಡುತ್ತವೆ. ಬಿಲ್ಲೆ ತುಕ್ಕು ಹಿಡಿದರೆ, ಡಬ್ಬಿಯ ಪೊರೆ ಹರಿದರೆ, ಕಂಡೆನ್ಸರ್ ಸೋತು ಕಿಡಿ ಹಳದಿಯಾದರೆ, ಪಾಯಿಂಟಿನ ಅಂತರ ತಪ್ಪಿದರೆ, ಗಾಡಿ ಮತ್ತೆ ‘ಯೋಚನೆ’ಗೆ ಬೀಳುತ್ತದೆ. ಅಂಬಾಸಿಡರಿನ ಲ್ಯೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರಿಗೆ ಪಾಯಿಂಟಿನ ಅಂತರ 0.35ರಿಂದ 0.40 ಮಿಲಿಮೀಟರ್ ಇರಬೇಕು. ಅಳತೆಯ ಗೇಜು ಇಲ್ಲದ ಕಡೆ ವಿಸಿಟಿಂಗ್ ಕಾರ್ಡನ್ನು ತೂರಿಸಿ ನೋಡುವವರಿದ್ದಾರೆ. ದಪ್ಪ ಹೆಚ್ಚುಕಡಿಮೆ ಅಷ್ಟೇ.

ಕಷ್ಟವೇನೆಂದರೆ ಪೆಟ್ರೋಲಿನ ದೋಷ, ಕಿಡಿಯ ದೋಷ, ಎಲ್ಲೋ ಸಂದಿಯಲ್ಲಿ ಗಾಳಿ ಎಳೆಯುವ ದೋಷ, ಮೂರೂ ಚಾಲಕನ ಕಾಲಿಗೆ ತಿಳಿಯುವುದು ಒಂದೇ ಥರ. ಅರ್ಧ ಸೆಕೆಂಡಿನ ಬಿಡುವು, ಅಷ್ಟೆ. ಲಕ್ಷಣ ಒಂದು, ಕಾರಣ ಹತ್ತು. ಚರಿತ್ರೆ ಬರೆಯುವವರಿಗೂ ಇದೇ ಪಾಡು.

*

ರೋಗಪತ್ತೆ ಯಾರ ಕೆಲಸ ಎಂಬುದೂ ಒಂದು ಜಗಳದ ವಿಷಯವೇ ಆಗಿತ್ತು. ಮೊದಮೊದಲು ಕಾರಿನ ಮಾಲೀಕನೋ ಅವನ ಡ್ರೈವರನೋ ಎಂಜಿನ್ನಿನ ಸದ್ದು ಕೇಳಿ ದೋಷ ಹೇಳಬೇಕಿತ್ತು. ಜರ್ಮನಿಯ ಉದಾಹರಣೆಯನ್ನು ಅಧ್ಯಯನ ಮಾಡಿರುವ ಸ್ಟೆಫಾನ್ ಕ್ರೆಬ್ಸ್, ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಈ ‘ಕೇಳುವ ಹಕ್ಕು’ ಹೇಗೆ ಮೆಲ್ಲಗೆ ಮಾಲೀಕರ ಕೈಯಿಂದ ತರಬೇತಾದ ಮೆಕ್ಯಾನಿಕ್‌ಗಳ ಕೈಗೆ ಹೋಯಿತು ಎಂದು ತೋರಿಸಿದ್ದಾರೆ. 1950ರ ನಂತರ ಮುಳ್ಳು, ಪರದೆಗಳ ಪರೀಕ್ಷಾ ಯಂತ್ರಗಳು ಬಂದವು. ಕಿವಿಯನ್ನು ನಂಬಬೇಡಿ, ಮುಳ್ಳನ್ನು ನಂಬಿ ಎಂಬ ಪ್ರಚಾರ ನಡೆಯಿತು. ಆದರೂ ಮೆಕ್ಯಾನಿಕ್‌ಗಳು ಬಹುಕಾಲ ಕಿವಿಯನ್ನು ಬಿಡಲಿಲ್ಲ.

ಭಾರತದಲ್ಲಿ ಈ ಕಥೆಗೆ ಬೇರೆ ತಿರುವಿದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ದೇಶಕ್ಕೆ ಸ್ವಂತ ಮೋಟಾರು ಕಾರ್ಖಾನೆ ಬೇಕೆಂದು ವಿದೇಶ ಸುತ್ತಿ ಯೋಜನೆ ತಯಾರಿಸಿದ್ದರು. ವಾಲ್‌ಚಂದ್ ಹಿರಾಚಂದ್ ಆ ಆಸೆಯನ್ನು ಮುಂದಕ್ಕೊಯ್ದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಕಟ್ಟುವ ಮಾತೂ ನಡೆದಿತ್ತು, ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲೇ ಶುರುವಾಗಿತ್ತು. 1953ರ ಸುಂಕ ಆಯೋಗದ ವರದಿಯ ನಂತರ, ಇಲ್ಲಿಯೇ ತಯಾರಿಸಲು ಸಿದ್ಧವಿಲ್ಲದೆ ಬರೀ ಜೋಡಣೆ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ದೇಶ ಬಿಟ್ಟವು. ಉಳಿದದ್ದು ಬೆರಳೆಣಿಕೆಯ ಮಾದರಿಗಳು. ಅಂಬಾಸಿಡರ್ 2014ರವರೆಗೂ ತಯಾರಾಯಿತು. ಫಿಯಟ್ 1100 ಕಾರು 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆದು ಶತಮಾನದ ಕೊನೆಯವರೆಗೂ ನಡೆಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು, ಮದರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ವಿದ್ಯುತ್ ಭಾಗಗಳನ್ನು.

ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳವು. ಹಾಗಾಗಿ ಇದ್ದ ಕಾರನ್ನು ಬಾಳಿಸಬೇಕಿತ್ತು. ಎರಡೇ ಮೂರೇ ಮಾದರಿಗಳು, ನಲವತ್ತು ವರ್ಷ, ಲಕ್ಷಾಂತರ ದುರಸ್ತಿ. ಇದರಿಂದ ಒಂದು ವಿಚಿತ್ರ ಆಳದ ಜ್ಞಾನ ಬೆಳೆಯಿತು. ಇಂಗ್ಲಿಷಿನ ವರ್ಕ್‌ಶಾಪ್ ಕೈಪಿಡಿಗಳನ್ನು ಓದದ ಹುಡುಗರು ಹನ್ನೆರಡು ಹದಿಮೂರರ ವಯಸ್ಸಿಗೆ ಉಸ್ತಾದರ ಕೈಕೆಳಗೆ ಸೇರಿ, ಪಾನ ಎತ್ತಿ ಕೊಡುತ್ತ, ಸೀಮೆಎಣ್ಣೆಯಲ್ಲಿ ಭಾಗ ತೊಳೆಯುತ್ತ ಕಲಿತರು. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿನಲ್ಲೇ ಕುದಿದು ಆವಿಯಾಗಿ ಗಾಡಿ ಮುಗ್ಗರಿಸಿದರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕೆಂಬುದನ್ನು ಟ್ಯಾಕ್ಸಿಯವರು ಒಬ್ಬರಿಂದೊಬ್ಬರು ಕಲಿತರು. ಮಂಗಳೂರಿನಲ್ಲಿ ಹದ ಮಾಡಿದ ಕಾರ್ಬುರೇಟರ್, ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲಿ ಹೊಗೆ ಉಗುಳುತ್ತದೆ ಎಂಬುದೂ ಅವರಿಗೆ ಅನುಭವದಿಂದ ಗೊತ್ತಿತ್ತು. ಸರ್ಕಾರಿ ದಾಖಲೆಗಳಲ್ಲಿ ಲೈಸೆನ್ಸುಗಳ ಲೆಕ್ಕ ಸಿಗುತ್ತದೆ, ಈ ಜ್ಞಾನದ ಒಂದು ಸಾಲೂ ಸಿಗುವುದಿಲ್ಲ.

*

ಕ್ಷೇತ್ರಕಾರ್ಯಕ್ಕೆಂದು ನಾನು ಜೆ.ಸಿ. ರಸ್ತೆಯ ಆಸುಪಾಸಿನ ಗ್ಯಾರೇಜೊಂದಕ್ಕೆ ಹಲವು ತಿಂಗಳು ಹೋಗಿ ಕೂರುತ್ತಿದ್ದೆ. ಅಲ್ಲಿಗೆ ಒಂದು ಪದ್ಮಿನಿ ಬಂತು. ನಿವೃತ್ತ ಮೇಷ್ಟ್ರೊಬ್ಬರದು, ಅವರ ತಂದೆ ಹೊಸದಾಗಿ ಕೊಂಡಿದ್ದ ಕಾರು. ವರ್ಷದಿಂದೀಚೆಗೆ ತಡವರಿಸುತ್ತಿತ್ತು. ಬೇರೆ ಕಡೆ ಪ್ಲಗ್, ಕಾಯಿಲ್, ಪಾಯಿಂಟ್ ಎಲ್ಲ ಹೊಸದು ಹಾಕಿಸಿದ್ದರು, ಗುಣವಾಗಿರಲಿಲ್ಲ.

ಉಸ್ತಾದರು ಬಾನೆಟ್ ಎತ್ತಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಜಾಸ್ತಿಯೋ, ಬಿಸಿಯಾದ ಮೇಲೋ? ಮೆತ್ತಗೆ ತುಳಿದರೂ ಆಗುತ್ತದೋ, ಜೋರಾಗಿ ತುಳಿದರೆ ಮಾತ್ರವೋ? ಕೊನೆಯ ಪ್ರಶ್ನೆ: ‘ಕಾರ್ಬೊರೇಟರ್‌ಗೆ ಯಾರ್ಯಾರು ಕೈ ಹಾಕಿದಾರೆ ಸಾರ್?’ ಮೇಷ್ಟ್ರು ನೆನಪು ಮಾಡಿಕೊಳ್ಳುತ್ತಿದ್ದಂತೆ ನಾನು ಟಿಪ್ಪಣಿ ಬರೆದುಕೊಂಡೆ. ದಾಖಲೆ ಕೈಗೆ ಬಂದಾಗ ಅದು ಯಾರ ಯಾರ ಕೈ ದಾಟಿ ಬಂತು ಎಂದು ಕೇಳಬೇಕೆಂದು ನಮಗೆ ಸಂಶೋಧನಾ ವಿಧಾನದ ತರಗತಿಯಲ್ಲಿ ಹೇಳಿಕೊಟ್ಟಿದ್ದರು.

ಆಮೇಲೆ ಒಂದು ಪರೀಕ್ಷೆ. ಬಿಸಿಯಾದ ಎಂಜಿನ್ನಿನಲ್ಲೇ ಚೋಕ್ ಅರ್ಧ ಎಳೆದುಕೊಂಡು ಒಂದು ಸುತ್ತು ಓಡಿಸಿ ಬಂದರು. ತಡವರಿಕೆ ಮುಕ್ಕಾಲು ಪಾಲು ಮಾಯವಾಗಿತ್ತು. ಚೋಕ್ ಎಂದರೆ ಗಾಳಿ ತಡೆದು ಮಿಶ್ರಣ ಗಟ್ಟಿ ಮಾಡುವುದು. ಗಟ್ಟಿ ಮಾಡಿದರೆ ಗುಣವಾಗುತ್ತದೆ ಎಂದರೆ ರೋಗ ತೆಳುವಿನದು. ಕಿಡಿಯ ಕಡೆ ಹೋಗುವ ಅಗತ್ಯವೇ ಇಲ್ಲ. ಹತ್ತು ಕಾರಣಗಳು ಒಂದೇ ಏಟಿಗೆ ಮೂರ್ನಾಲ್ಕಕ್ಕೆ ಇಳಿದವು. ಆದರೂ ಖಾತ್ರಿಗೆ ವ್ಯಾಕ್ಯೂಮ್ ಕೊಳವೆಯನ್ನು ಬಿಚ್ಚಿ ಬಾಯಿಂದ ಎಳೆದು ನಾಲಗೆಯಲ್ಲಿ ಹಿಡಿದರು. ಎಳೆತ ನಿಂತಿತು, ಪೊರೆ ಸರಿಯಿದೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸಂದಿಗೆ, ಥ್ರಾಟಲಿನ ಸರಳಿಗೆ ಎಣ್ಣೆ ಹನಿಸಿದರು. ಎಂಜಿನ್ನಿನ ಸದ್ದು ಬದಲಾಗಲಿಲ್ಲ, ಕಳ್ಳಗಾಳಿ ಇಲ್ಲ. ಪ್ಲಗ್ ಬಿಚ್ಚಿ ನನಗೆ ತೋರಿಸಿದರು. ‘ನೋಡಿ ಮೇಡಂ, ಕಾಫಿಪುಡಿ ಬಣ್ಣ ಇರಬೇಕು. ಇದು ಸುಣ್ಣ ಆಗಿದೆ.’

ಎಂಜಿನ್ ನಿಲ್ಲಿಸಿ, ಕಾರ್ಬುರೇಟರಿನ ಬಾಯಿಯೊಳಗೆ ಟಾರ್ಚು ಬಿಟ್ಟು ಪೆಡಲ್ ಒತ್ತಿಸಿದರು. ಪಂಪಿನ ಚಿಮುಕು ಇತ್ತು, ಆದರೆ ಸೊರಗಿತ್ತು. ಪೊರೆ ಬದಲಿಸಿ ಮತ್ತೆ ಓಡಿಸಿದರು. ಕಡಿಮೆಯಾಯಿತು, ಹೋಗಲಿಲ್ಲ. ಆ ಹೊತ್ತಿಗೆ ಜೆಟ್ಟನ್ನೂ ಜೊತೆಗೇ ಬದಲಿಸಬಹುದಿತ್ತಲ್ಲ ಎಂದು ನಾನು ಕೇಳಿದೆ. ‘ಎರಡೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ವಾಸಿ ಆಯ್ತು ಅಂತ ಹೆಂಗೆ ಗೊತ್ತಾಗ್ಬೇಕು?’ ಎಂದರು.

ನಂತರ ಮೇನ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಹಿತ್ತಾಳೆಯ ತೂತಿನ ಅಂಚಿನಲ್ಲಿ ಬೆಳ್ಳಗಿನ ಉಂಗುರ. ಯಾರೋ ಒಂದು ಕಾಲದಲ್ಲಿ ತೂತಿಗೆ ಬೆಸುಗೆ ತುಂಬಿ, ಸಣ್ಣ ಸೂಜಿಯಿಂದ ಮತ್ತೆ ಕೊರೆದಿದ್ದರು. ‘ಮೈಲೇಜ್ ಸೆಟ್ಟಿಂಗ್’ ಎಂದರು ಉಸ್ತಾದರು, ಹಳೆಯ ಪರಿಚಯಸ್ಥರನ್ನು ಗುರುತಿಸಿದಂತೆ. ಪೆಟ್ರೋಲ್ ದುಬಾರಿಯಾದಾಗಲೆಲ್ಲ ಜನ ಮಾಡಿಸುತ್ತಿದ್ದ ಉಪಾಯವಂತೆ. ತೂತು ಕಿರಿದಾದರೆ ಪೆಟ್ರೋಲ್ ಕಡಿಮೆ ಏಳುತ್ತದೆ, ಲೀಟರಿಗೆ ಒಂದೆರಡು ಕಿಲೋಮೀಟರ್ ಉಳಿಯುತ್ತದೆ.

ಮೇಷ್ಟ್ರ ತಂದೆ ಕಾರಿನ ಖರ್ಚಿಗೆ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ನಾನು ಕೇಳಿಕೊಂಡ ಮೇಲೆ ಅದನ್ನು ಹುಡುಕಿ ತಂದುಕೊಟ್ಟರು. 1979ರ ತೈಲ ಬಿಕ್ಕಟ್ಟಿನ ನಂತರದ ಪುಟಗಳಲ್ಲಿ ಪೆಟ್ರೋಲ್ ಹಾಕಿಸಿದ ಲೆಕ್ಕಗಳ ನಡುವೆ ಒಂದು ಸಾಲು: ‘ಕಾರ್ಬುರೇಟರ್ ಸೆಟ್ಟಿಂಗ್, ಮೈಲೇಜಿಗಾಗಿ.’ ಇರಾನಿನ ಕ್ರಾಂತಿ, ಜಗತ್ತಿನ ತೈಲ ಬೆಲೆ, ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆಯ ತಿಂಗಳ ಖರ್ಚು, ಎಲ್ಲವೂ ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚೋ ಕಡಿಮೆಯೋ ಇರುವ ತೂತಿನಲ್ಲಿ ಬೆಸುಗೆಯಾಗಿ ಕೂತಿದ್ದವು.

ಹಾಗಾದರೆ ನಲವತ್ತು ವರ್ಷ ಸುಮ್ಮನಿದ್ದ ಜೆಟ್ಟು ಈಗ ಯಾಕೆ ತಕರಾರು ತೆಗೆಯಿತು? ಉಸ್ತಾದರ ಉತ್ತರ ಚಿಕ್ಕದು: ‘ಈಗಿನ ಪೆಟ್ರೋಲು ಬೇರೆ.’ ಈ ಮಾತು ರಸಾಯನಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ದೇಶದ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಸರ್ಕಾರ 2025ಕ್ಕೆ ತಂದಿತು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. ಒಂದು ಕಿಲೋಗೆ ಸುಮಾರು 9 ಕಿಲೋ ಸಾಕು. ಶೇ. 20ರ ಮಿಶ್ರಣಕ್ಕೆ 14.7ರ ಬದಲು 13.5ರ ಆಸುಪಾಸು. ಹೊಸ ಕಾರುಗಳಲ್ಲಿ ಹೊಗೆಯನ್ನು ಮೂಸಿ ನೋಡುವ ಸೆನ್ಸರ್ ಇದೆ, ಕಂಪ್ಯೂಟರ್ ಇಂಧನವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ. ಅದರ ಲೆಕ್ಕವೆಲ್ಲ ತೂತಿನ ಅಳತೆಯಲ್ಲಿದೆ. ಮೊದಲೇ ಕಿರಿದಾಗಿದ್ದ ತೂತು, ಸೊರಗಿದ ಪಂಪು, ಅದರ ಮೇಲೆ ಇನ್ನಷ್ಟು ತೆಳುವಾಗಿಸುವ ಇಂಧನ. ಮೂರೂ ಸೇರಿದಾಗ ಗಾಡಿ ಯೋಚನೆಗೆ ಬಿತ್ತು. ಜೆ.ಸಿ. ರಸ್ತೆಯಲ್ಲೇ ಸಿಕ್ಕ ಸರಿಯಾದ ಅಳತೆಯ ಜೆಟ್ ಹಾಕಿದ ಮೇಲೆ ತಡವರಿಕೆ ಹೋಯಿತು.

*

ನಿನ್ನೆಯ ಚಿಕಿತ್ಸೆ ಇವತ್ತಿನ ಕಾಯಿಲೆಯಾಗುವ ಈ ಬಗೆಗೆ ಮೋಟಾರು ಚರಿತ್ರೆಯಲ್ಲೇ ಬಹಳ ದೊಡ್ಡ, ಬಹಳ ಕ್ರೂರವಾದ ಉದಾಹರಣೆಯೊಂದಿದೆ. ಅದರ ಕೇಂದ್ರದಲ್ಲಿರುವವನೂ ಡೆಲ್ಕೋದ ಕೆಟರಿಂಗ್. ಅವನ ಬ್ಯಾಟರಿ ಕಿಡಿ ಬಂದ ಮೇಲೆ ಎಂಜಿನ್ನುಗಳಲ್ಲಿ ನಾಕಿಂಗ್ ಹೆಚ್ಚಿತು, ದೋಷ ಅದರದೇ ಎಂಬ ಆರೋಪ ಬಂತು. ಕೆಟರಿಂಗ್ ಒಪ್ಪಲಿಲ್ಲ. 1916ರಲ್ಲಿ ತನ್ನಲ್ಲಿ ಕೆಲಸಕ್ಕೆ ಸೇರಿದ ಥಾಮಸ್ ಮಿಜ್ಲಿಗೆ ಕಾರಣ ಹುಡುಕಲು ಹೇಳಿದ. ಸಿಲಿಂಡರಿನೊಳಗಿನ ಒತ್ತಡದ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಉಪಕರಣ ಮಾಡಿ ಮಿಜ್ಲಿ ತೋರಿಸಿದ್ದು ಇದು: ಅವಧಿಗೆ ಮುಂಚೆ ಉರಿಯುವುದು ಬೇರೆ, ನಾಕಿಂಗ್ ಬೇರೆ, ನಾಕಿಂಗ್ ಬರುವುದು ಕಿಡಿಯಿಂದಲ್ಲ, ಇಂಧನದ ಗುಣದಿಂದ. ರೋಗಪತ್ತೆ ಅಚ್ಚುಕಟ್ಟಾಗಿತ್ತು, ಸರಿಯಾಗಿಯೂ ಇತ್ತು.

ಚಿಕಿತ್ಸೆಯಾಗಿ 1921ರ ಡಿಸೆಂಬರಿನಲ್ಲಿ ಅವನು ಕಂಡುಕೊಂಡದ್ದು ಟೆಟ್ರಾಈಥೈಲ್ ಲೆಡ್, ಸೀಸದ ಒಂದು ಸಂಯುಕ್ತ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಆದರೆ ಆಲ್ಕೋಹಾಲನ್ನು ಯಾರು ಬೇಕಾದರೂ ಬಟ್ಟಿ ಇಳಿಸಬಹುದು. ಸೀಸದ ಮೇಲೆ ಪೇಟೆಂಟಿನ ಹಿಡಿತವಿತ್ತು, ಬೇಕಾಗುವುದೂ ಚಮಚದಷ್ಟೇ. 1923ರಲ್ಲಿ ಮಾರಾಟ ಶುರುವಾಯಿತು. ಹೆಸರಿನಲ್ಲಿ ಸೀಸದ ಸುಳಿವು ಕೊಡದೆ ‘ಈಥೈಲ್’ ಎಂದು ಕರೆದರು. 1924ರಲ್ಲಿ ನ್ಯೂಜೆರ್ಸಿಯ ತಯಾರಿಕಾ ಘಟಕದಲ್ಲಿ ಐವರು ಕೆಲಸಗಾರರು ಸೀಸದ ವಿಷಕ್ಕೆ ಚಿತ್ತಭ್ರಮೆಗೊಳಗಾಗಿ ಸತ್ತರು. ಆದರೂ ಸೀಸ ಜಗತ್ತಿನ ಪೆಟ್ರೋಲಿಗೆಲ್ಲ ಹರಡಿತು. ಭಾರತದ ಬಂಕುಗಳಿಂದ ಅದು ಪೂರ್ತಿ ಹೋದದ್ದು 2000ದ ಫೆಬ್ರವರಿ 1ರಂದು. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ನೂರು ವರ್ಷ ನಗರಗಳ ಮಕ್ಕಳು ಉಸಿರಾಡಿದ ಸೀಸದಲ್ಲಿ ನಮ್ಮ ಉಸ್ತಾದರೂ ಅವರ ಶಿಷ್ಯರೂ ಬಾಯಿಂದ ಜೆಟ್ ಊದಿ ಸ್ವಚ್ಛ ಮಾಡುವಾಗ ನುಂಗಿದ್ದೂ ಸೇರಿದೆ. ಅವರ ಜ್ಞಾನವನ್ನು ಹೊಗಳುವಾಗ ಆ ಜ್ಞಾನಕ್ಕೆ ಅವರ ಮೈ ತೆತ್ತ ಬೆಲೆಯನ್ನು ಬಿಟ್ಟು ಬರೆಯಲಾಗದು.

ಅಂದು ಪಕ್ಕಕ್ಕಿಟ್ಟ ಆಲ್ಕೋಹಾಲ್ ಶತಮಾನದ ನಂತರ ಎಥನಾಲಾಗಿ ಮರಳಿದೆ. ಈ ಸಲದ ಕಾರಣಗಳು ತೈಲ ಆಮದಿನ ಹೊರೆ, ಕಬ್ಬು ಬೆಳೆಗಾರರ ಆದಾಯ, ಹೊಗೆಯ ಮಾಲಿನ್ಯ. ಅವು ಹಗುರವಾದ ಕಾರಣಗಳಲ್ಲ. ಮಂಡ್ಯ, ಬೆಳಗಾವಿಯ ಕಬ್ಬಿನ ರೈತರಿಗೂ ಇದರಲ್ಲಿ ಪಾಲಿದೆ. ಸೀಸಕ್ಕೂ ಎಥನಾಲಿಗೂ ಹೋಲಿಕೆಯೂ ಇಲ್ಲ. ಆದರೆ ಎಥನಾಲ್ ಇಲ್ಲದ ಕಾಲಕ್ಕೆ ಮಾಡಿದ ವಾಹನಗಳಲ್ಲಿ ಅದು ರಬ್ಬರನ್ನು ಕೆಡಿಸುತ್ತದೆ, ನೀರು ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕೆಸರನ್ನು ಕದಡಿ ಜೆಟ್ಟಿಗೆ ತರುತ್ತದೆ. ಆ ತಡವರಿಕೆಯನ್ನು ಪತ್ತೆ ಮಾಡುವವರು, ಗುಣಪಡಿಸುವವರು ಯಾರು ಎಂಬ ಪ್ರಶ್ನೆ ಯಾವ ನೀತಿಪತ್ರದಲ್ಲೂ ನನಗೆ ಸಿಕ್ಕಿಲ್ಲ. ಅದು ಸದ್ದಿಲ್ಲದೆ ಗ್ಯಾರೇಜಿನ ಹೆಗಲಿಗೆ ಬಿದ್ದಿದೆ.

ಹಳೆಯ ಕಾರುಗಳ ಬಗ್ಗೆ ನಮ್ಮ ಕಾನೂನಿಗೆ ಎರಡು ಮನಸ್ಸು. ಒಂದು ಕಡೆ ಹದಿನೈದು ವರ್ಷ ದಾಟಿದ ಗಾಡಿಯನ್ನು ಗುಜರಿಗೆ ತಳ್ಳುವ ಒತ್ತಾಯ. ಇನ್ನೊಂದು ಕಡೆ 2021ರ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ‘ವಿಂಟೇಜ್’ ಗೌರವ, ಪ್ರತ್ಯೇಕ ನೋಂದಣಿ ಸಂಖ್ಯೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ ಒಯ್ಯಬಹುದು. ಎರಡರಲ್ಲೂ ನಡುವಿನ ವರ್ಷಗಳಿಗೆ, ಬಳಕೆಗೆ, ದುರಸ್ತಿಗೆ ಜಾಗವಿಲ್ಲ. ಬೆಸುಗೆ ಹಾಕಿದ ಆ ಜೆಟ್ಟು ‘ಮೂಲ’ವಲ್ಲ, ನಿಜ. ಆದರೆ ಆ ಕಾರಿನಲ್ಲಿ ನಮ್ಮ ಊರಿನ ಚರಿತ್ರೆ ಇದ್ದದ್ದು ಮೂಲವಲ್ಲದ ಆ ಭಾಗದಲ್ಲೇ. ಇಟಲಿಯ ಕಾರ್ಖಾನೆಯಲ್ಲಿ ವಿನ್ಯಾಸವಾದ ಮಿಕ್ಕ ಭಾಗಗಳ ಚರಿತ್ರೆಯನ್ನು ಬರೆಯಲು ಬೇರೆ ಬೇಕಾದಷ್ಟು ಜನರಿದ್ದಾರೆ.

2000ದ ಆಸುಪಾಸಿನಲ್ಲಿ ನಮ್ಮ ಕಾರುಗಳು ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೊರಳಿದವು. ಈಗ ಗಾಡಿ ತಡವರಿಸಿದರೆ ಸ್ಕ್ಯಾನರ್ ಸಿಕ್ಕಿಸುತ್ತಾರೆ, ಪರದೆಯ ಮೇಲೆ ಸಂಖ್ಯೆಯೊಂದು ಮೂಡುತ್ತದೆ. ಸ್ಕ್ಯಾನರ್ ಒಳ್ಳೆಯದೇ, ಬಾಯಿಂದ ಪೆಟ್ರೋಲ್ ಎಳೆಯುವ ಕಾಲ ಮತ್ತೆ ಬರಬೇಕೆಂದು ಯಾವ ಮೆಕ್ಯಾನಿಕ್ಕನೂ ಬಯಸುವುದಿಲ್ಲ. ಹಳೆಯದನ್ನು ಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ನಾನು ಹೋಗುತ್ತಿದ್ದ ಗ್ಯಾರೇಜಿನಲ್ಲಿ ಈಗ ಕಾರ್ಬುರೇಟರ್ ಬಿಚ್ಚಬಲ್ಲವರು ಉಸ್ತಾದರೊಬ್ಬರೇ. ಶಿಷ್ಯರು ಸ್ಕೂಟರಿನ ಸೆನ್ಸರ್ ಕೆಲಸಕ್ಕೆ ಹೋಗಿದ್ದಾರೆ, ಅದರಲ್ಲಿ ದುಡ್ಡಿದೆ.

ಹಾಗಾಗಿ ನನ್ನ ಪ್ರಬಂಧದ ಅನುಬಂಧದಲ್ಲಿ ನಾನೊಂದು ಪದಪಟ್ಟಿ ಸೇರಿಸುತ್ತಿದ್ದೇನೆ. ಡೆಲ್ಕೋ, ಸೆಲ್ಫ್, ಪ್ಯಾಕಿಂಗ್, ಮೈಲೇಜ್ ಸೆಟ್ಟಿಂಗ್, ಸುಣ್ಣವಾದ ಪ್ಲಗ್. ಒಂದೊಂದು ಪದದ ಮುಂದೆ ಅದು ಯಾವ ಭಾಗ, ಯಾವ ಲಕ್ಷಣ, ಕೈಯಲ್ಲಿ ಹೇಗೆ ತಿಳಿಯುತ್ತದೆ ಎಂಬ ವಿವರ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಈ ಕಾಯಿಲೆಗೆ ಬೇರೆ ಮಾತಿದ್ದರೆ, ಅದನ್ನು ಆಡುವವರು ಇನ್ನೂ ಇರುವಾಗಲೇ ಒಂದು ಕಡೆ ಬರೆದಿಡಿ.